ಎಡಗಡೆಯ ಕುರ್ಚಿ

ಮೇಸ್ತ್ರಿಗೆ ಎಡಗಿವಿ ಕೇಳುತ್ತಿರಲಿಲ್ಲ. ನೂಲಿನ ಗಿರಣಿಯ ಗದ್ದಲ ಅದನ್ನು ಎಂದೋ ನುಂಗಿ ನೀರು ಕುಡಿದಿತ್ತು. ಹೆಂಡತಿಯ ಮಾತು ಬಲಗಿವಿಗೆ ಬೀಳಲೆಂದು ಆಗಿನಿಂದಲೂ ಅವಳ ಎಡಕ್ಕೇ ಕೂತು, ಎಡಕ್ಕೇ ನಡೆದು ರೂಢಿ. ಹಾಗಾಗಿ ಅವಳಿಗೆ ಲಕ್ವ ಹೊಡೆದು ಆಸ್ಪತ್ರೆ ಸೇರಿದಾಗಲೂ ಮಂಚದ ಎಡಗಡೆಗೇ ಕುರ್ಚಿ ಎಳೆದುಕೊಂಡ. ಎಂಟು ದಿನ ಊಟ, ನಿದ್ದೆ ಎಲ್ಲ ಅದರ ಮೇಲೇ. ಮಾತಾಡಿಸಿದರೆ ಅವಳು ಅತ್ತ ಬಲಕ್ಕೇ ಮುಖ ತಿರುಗಿಸುತ್ತಿದ್ದಳು; ಕಾಯಿಲೆಯ ಸುಸ್ತು ಎಂದುಕೊಂಡಿದ್ದ.

ಒಂಬತ್ತನೆಯ ಬೆಳಿಗ್ಗೆ ಅವಳು ಬಲಗಡೆ ನಿಂತಿದ್ದ ನರ್ಸಮ್ಮನಿಗೆ ಹೇಳಿದಳು: "ನಮ್ಮನೆಯವರು ಒಂದಿನಾನೂ ಬರ್ಲಿಲ್ಲ ನೋಡಮ್ಮ. ಕೈಕಾಲು ಗಟ್ಟಿ ಇರೋವರೆಗೆ ಮಾತ್ರ ಹೆಂಡ್ತಿ ಬೇಕು."

ಮೇಸ್ತ್ರಿ ಮುಂದಕ್ಕೆ ಬಾಗಿ, "ಇಲ್ಲೇ ಇದೀನಲ್ಲೇ!" ಎಂದು ಕೂಗಿದ. ದನಿ ಕೇಳಿ ಅವಳು ಬಲಗಡೆಯ ಬಾಗಿಲಿನತ್ತ ಹುಡುಕಿದಳು. "ಹೊರಗೇ ನಿಂತು ಕೂಗ್ತಾರೆ. ಒಳಗೆ ಬರೋಕೇನು ದಾಡಿ?" ಎಂದು ಕಣ್ಣು ಮುಚ್ಚಿಕೊಂಡಳು.

ಅವನಿಗೆ ಸಿಟ್ಟು ನೆತ್ತಿಗೇರಿತು. ಮನುಷ್ಯನೇ ತಾನೇ. ಎದ್ದು ಹೊರಗೆ ಹೋಗಿ ಡಾಕ್ಟರನ್ನು ಹಿಡಿದ.

"ಕಣ್ಣಿಗೇನೂ ಆಗಿಲ್ಲ ಮೇಸ್ತ್ರಿ," ಎಂದರು ಡಾಕ್ಟರು. "ಕಣ್ಣು ಕಂಡ್ರೆ ಸಾಲದು, ಮೆದುಳೂ ನೋಡ್ಬೇಕು. ಅವರ ಮೆದುಳು ಎಡಗಡೆ ಅನ್ನೋದನ್ನೇ ಕೈಬಿಟ್ಟಿದೆ. ಅವರ ತಟ್ಟೆ ಗಮನಿಸಿದ್ರಾ?"

ಗಮನಿಸಿದ್ದ. ದಿನವೂ ತಟ್ಟೆಯ ಎಡ ಅರ್ಧ ಹಾಗೇ ಉಳಿಯುತ್ತಿತ್ತು, ಅವಳು ಮಾತ್ರ ಹೊಟ್ಟೆ ತುಂಬಲಿಲ್ಲ ಎಂದು ನರ್ಸಮ್ಮನಿಗೆ ಹೇಳುತ್ತಿದ್ದಳು. ಆಸ್ಪತ್ರೆ ಊಟ ಸೇರದ್ದಕ್ಕೆ ಈ ನೆಪ ಎಂದು ಅವನು ಗೊಣಗಿದ್ದೂ ಉಂಟು.

"ಆ ಕಡೆ ಅವಳಿಗೆ ಬರೀ ಕತ್ತಲೇನು ಸ್ವಾಮಿ?"

"ಕತ್ತಲೂ ಇಲ್ಲ. ನಿಮ್ಮ ಬೆನ್ನ ಹಿಂದೆ ನಿಮಗೆ ಕತ್ತಲು ಕಾಣುತ್ತಾ? ಹಾಗೆ. ಏನೋ ಕಾಣ್ತಿಲ್ಲ ಅನ್ನೋದೇ ಅವರಿಗೆ ಗೊತ್ತಾಗಲ್ಲ. ಸದ್ಯಕ್ಕೆ ಬಲಗಡೆ ಕೂತ್ಕೊಳ್ಳಿ. ಆಮೇಲೆ ಎಡಕ್ಕೆ ತಿರುಗೋದನ್ನ ನಿಧಾನವಾಗಿ ಕಲಿಸೋಣ."

ಮೇಸ್ತ್ರಿ ಒಳಗೆ ಬಂದು ಸದ್ದಾಗದಂತೆ ಕುರ್ಚಿಯನ್ನು ಆಚೆ ಬದಿಗೆ ಹೊತ್ತೊಯ್ದ. ಅವಳು ಕಣ್ಣು ತೆರೆದಳು. ನೋಡಿದಳು. ಬಲಗೈ ಚಾಚಿ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗಳಗಳನೆ ಅತ್ತಳು.

"ಈಗ ಬಂದ್ರಾ? ಎಲ್ಲಿ ಹೋಗಿದ್ರಿ ಇಷ್ಟು ದಿನ?"

ಎಂಟು ದಿನದ ನಿದ್ದೆಗೇಡು, ಬೆನ್ನುನೋವು, ಎಲ್ಲ ಅವನ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅಷ್ಟೂ ನಿಜವೇ. ಆದರೆ ಅವಳು ಒಬ್ಬಳೇ ಕಳೆದ ಎಂಟು ದಿನವೂ ಸುಳ್ಳಲ್ಲವಲ್ಲ.

"ತಪ್ಪಾಯ್ತು ಕಣೇ," ಎಂದ. "ಇನ್ನು ಎಲ್ಲಿಗೂ ಹೋಗಲ್ಲ."