ನೀಲಕಂಠಸ್ವಾಮಿಯವರ ಮೂವತ್ತೇಳು ಆಟಗಾರರು

ರಾವಂದೂರಿನ ನೀಲಕಂಠಸ್ವಾಮಿಯವರ ಕೈಗೆ ಯಾವ ಕಾಗದ ಕೊಟ್ಟರೂ ಅವರು ಮೊದಲು ಅದನ್ನು ಓದುವುದಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲನೆ ಉಜ್ಜಿ, ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದು, ಆಮೇಲೆ ತೀರ್ಪು ಕೊಡುತ್ತಾರೆ. ನನ್ನ ಮಗಳ ಮದುವೆಯ ಕರೆಯೋಲೆ ಕೊಡಲು ಹೋದಾಗಲೂ ಹೀಗೆಯೇ ಆಯಿತು. ವರ ಯಾರು, ಮುಹೂರ್ತ ಯಾವಾಗ ಎಂದು ಕೇಳದೆ, "ಮೇಷ್ಟ್ರೇ, ಹದ ಸಾಲ್ದು ಕಣ್ರೀ. ಒಣಗೋಗೈತೆ" ಎಂದರು. ಆ ಮದುವೆಯ ಬಗ್ಗೆ ಇಷ್ಟು ಅಪಶಕುನದ ಮಾತನ್ನು ಬೀಗರ ಕಡೆಯ ಹೆಂಗಸರೂ ಆಡಿರಲಿಲ್ಲ.

ನಲವತ್ತು ವರ್ಷ ಹೊಗೆಸೊಪ್ಪು ಬೆಳೆದವರು, ಒಂದು ಬೀಡಿಯನ್ನೂ ಸೇದಿದವರಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮೈಮೇಲೆ ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯಲ್ಲಿ ಕೊಂಡ, ಏಪ್ರಿಲ್ ಬಿಸಿಲಿಗೂ ಜಗ್ಗದ, ತೋಳಿಲ್ಲದ ಕಂದು ಸ್ವೆಟರು. ಗಿಡಸಾಲುಗಳ ನಡುವೆ ಎಲೆ ಹರಿಯದಂತೆ ಓಡಾಡಿ ಅಭ್ಯಾಸವಾದ್ದರಿಂದ ಹುಣಸೂರಿನ ಅಗಲವಾದ ಹೆದ್ದಾರಿಯಲ್ಲಿಯೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಒಂದು ಪಾದದ ಮುಂದೆ ಇನ್ನೊಂದಿಟ್ಟು, ಕಾಣದ ಗಿಡಗಳಿಗೆ ದಾರಿ ಬಿಟ್ಟುಕೊಂಡೇ ನಡೆಯುತ್ತಾರೆ. ಹಿಂದಿನಿಂದ ಬಸ್ಸಿನವನು ಎಷ್ಟು ಹಾರನ್ ಹೊಡೆದರೂ ಸಾಲು ತಪ್ಪುವುದಿಲ್ಲ.

ಇಂಥವರು ಅಮೆರಿಕದ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ನೂರು ವರ್ಷ ಹಳೆಯ ಕಾರ್ಡುಗಳ ಸಂಗ್ರಾಹಕರೆಂದರೆ ಮೈಸೂರಿನ ನನ್ನ ಸ್ನೇಹಿತರು ಮೊದಲು ನನ್ನ ಬಾಯಿಯನ್ನು ಮೂಸುತ್ತಾರೆ. ನಡೆದದ್ದು ಇಷ್ಟು. ಹದಿನೆಂಟು ವರ್ಷದ ಹಿಂದೆ ನಮ್ಮ ಕಡೆಯ ಎಲೆ ನೋಡಲು ಹೊಗೆಸೊಪ್ಪಿನ ಹರಾಜು ಕಟ್ಟೆಗೆ ವಾಲ್ಟರ್ ಎಂಬ ಅಮೆರಿಕದ ಹಿರಿಯರೊಬ್ಬರು ಬಂದಿದ್ದರು. ಅವರೂ ಎಲೆಯನ್ನು ಮೂಸುವ ಕುಲದವರೇ. ಸ್ವಾಮಿಯವರ ಸೊಪ್ಪಿನ ಬೇಲ್ ಕಟ್ಟಿನಿಂದ ಒಂದೆಲೆ ಎಳೆದು ಅವರು ಒಂದು ತುದಿಯನ್ನು ಮೂಸಿದರು, ಇವರು ಇನ್ನೊಂದು ತುದಿಯನ್ನು ಮೂಸಿದರು. ಎರಡು ಮೂಗುಗಳ ನಡುವೆ ಭಾಷೆಯ ಹಂಗಿಲ್ಲದ ಸ್ನೇಹವೊಂದು ಕುದುರಿತು. ಹೊರಡುವಾಗ ಆ ಪುಣ್ಯಾತ್ಮರು ಪರ್ಸಿನಿಂದ ಬೆರಳುದ್ದದ ರಟ್ಟಿನ ಚೂರೊಂದನ್ನು ತೆಗೆದು ಕೊಟ್ಟರು. ಟೋಪಿ ತೊಟ್ಟು ದೊಣ್ಣೆ ಹಿಡಿದು ನಿಂತ ಒಬ್ಬ ಆಟಗಾರ. ಅವರ ಅಜ್ಜಂದಿರ ಕಾಲಕ್ಕೆ ಇಂಥ ಕಾರ್ಡುಗಳು ಸಿಗರೇಟಿನ ಪಾಕೀಟಿನೊಳಗೆ ಬರುತ್ತಿದ್ದವಂತೆ. ದುಭಾಷಿಯಾಗಿ ಪಕ್ಕದಲ್ಲಿ ನಿಂತಿದ್ದವನು ನಾನು, ಪಿರಿಯಾಪಟ್ಟಣದ ಇಂಗ್ಲಿಷ್ ಮೇಷ್ಟ್ರು.

ಸ್ವಾಮಿಯವರು ಕಾರ್ಡನ್ನು ಮೂಸಿ, "ಅಂಗಾದ್ರೆ ಇವ ಸೊಪ್ಪಿನ ಜತೇಲೇ ಪಾಕೀಟಲ್ಲಿ ಕುಂತು ಬಂದೋನು. ನಮಗೆ ನೆಂಟ ಆಗ್ಬೇಕು ಕಣ್ರೀ" ಎಂದರು.

ಅಂದಿನಿಂದ ವಾಲ್ಟರ್ ವರ್ಷಕ್ಕೆ ಎರಡೋ ಮೂರೋ ನೆಂಟರನ್ನು ಅಂಚೆಯಲ್ಲಿ ಕಳುಹಿಸತೊಡಗಿದರು. ಪತ್ರ ಓದುವವನೂ ಉತ್ತರ ಬರೆಯುವವನೂ ನಾನೇ. ಬೇಸ್‌ಬಾಲ್ ಎಂದರೇನೆಂದು ನನಗೂ ಗೊತ್ತಿಲ್ಲದ ಕಾರಣ, ಅದು ಚಿನ್ನಿದಾಂಡಿನ ದೊಡ್ಡಪ್ಪನ ಮಗ ಎಂದು ಹೇಳಿ ಕೈತೊಳೆದುಕೊಂಡಿದ್ದೆ. ಸ್ವಾಮಿಯವರ ನಾಲಗೆಗೆ ಇಂಗ್ಲಿಷ್ ಹೆಸರುಗಳು ಒಗ್ಗಲಿಲ್ಲ. ದೊಣ್ಣೆಯವನು ಒನಕೆ ಬಸಪ್ಪನಾದ; ಕುಕ್ಕರಗಾಲಿನಲ್ಲಿ ಕುಳಿತು ಚೆಂಡಿಗೆ ಕಾಯುವವನು ಗುರುಪಾದಪ್ಪನಾದ. ಸಮುದ್ರದಾಚೆಯ ಶೂರರೆಲ್ಲ ಹೀಗೆ ಒಬ್ಬೊಬ್ಬರಾಗಿ ರಾವಂದೂರು ಹೋಬಳಿಯ ಪ್ರಜೆಗಳಾದರು. ಒಬ್ಬನ ಮಂಡಿ ಮುರಿದು ಆತ ಇಟ್ಟಿಗೆ ಕೆಲಸಕ್ಕೆ ಸೇರಿದನೆಂದೂ, ಇನ್ನೊಬ್ಬ ಇಪ್ಪತ್ತಾರರಲ್ಲಿ ಜ್ವರದಿಂದ ಹೋದನೆಂದೂ ವಾಲ್ಟರ್ ಬರೆದರೆ, ಸ್ವಾಮಿಯವರು ಅದನ್ನು ನಿನ್ನೆಯ ಸುದ್ದಿಯಂತೆ ಮುಖ ಬಾಡಿಸಿಕೊಂಡು ಊರವರಿಗೆ ಹೇಳುತ್ತಿದ್ದರು. ಒಂದು ವರ್ಷ ಪಿತೃಪಕ್ಷದಲ್ಲಿ ಈ ಆಟಗಾರರಿಗೂ ಎಡೆಯಿಡಬೇಕೆಂದು ಹಟ ಹಿಡಿದಾಗ, ಹೆಂಡತಿ ಮಂಗಳಮ್ಮ ಸೌಟು ಹಿಡಿದುಕೊಂಡೇ ವಾದಕ್ಕಿಳಿದರು.

"ಅವ್ರು ಬಾಡು ತಿನ್ನೋ ಜನ. ನಮ್ಮ ಕೋಸಂಬ್ರಿ ಇಕ್ಕುದ್ರೆ ಉಂಡಾರಾ?"

"ಸತ್ತ ಮ್ಯಾಕೆ ಯಾರು ರುಚಿ ಕೇಳ್ತಾರೆ, ಇಕ್ಕು."

"ಮೂವತ್ತೈದು ಎಲೆ ಆಯ್ತದೆ. ತೊಳ್ಯೋರು ಯಾರು?"

"ಎಲೆ ತೊಳೀತಾರೇನೇ, ಬಿಸಾಕ್ತಾರೆ" ಎಂದು ಸ್ವಾಮಿಯವರು ಗೆದ್ದರು.

ಐದು ವರ್ಷದ ಹಿಂದೆ ಮೂವತ್ತೇಳನೆಯ ಕಾರ್ಡು ಬಂತು. ಜೊತೆಗಿದ್ದ ಪತ್ರದಲ್ಲಿ ವಾಲ್ಟರ್ ಬರೆದಿದ್ದರು: "ಇವರು ನನ್ನ ಅಜ್ಜ. ಒಂದೇ ಒಂದು ವರ್ಷ ಆಡಿದರು. ನಮ್ಮವರು ಇಷ್ಟು ಮಂದಿ ನಿಮ್ಮಲ್ಲಿದ್ದಾರಲ್ಲ, ಇವರೂ ಅಲ್ಲೇ ಇರಲಿ." ಈ ಒಬ್ಬರಿಗೆ ಮಾತ್ರ ಸ್ವಾಮಿಯವರು ಹೊಸ ಹೆಸರಿಡಲಿಲ್ಲ, ಅಜ್ಜಯ್ಯ ಎಂದರು. ಆಮೇಲೆ ಪತ್ರಗಳು ನಿಂತವು.

ಈ ವರ್ಷ ಮಾರ್ಚಿನಲ್ಲಿ ವಾಲ್ಟರ್ ಅವರ ಮಗಳ ಪತ್ರ ಬಂತು. ತಂದೆ ತೀರಿಕೊಂಡರು. ತಂದೆಯ ಅಕ್ಕ, ತೊಂಬತ್ತೊಂದು ವರ್ಷದವರು, ಹಾಸಿಗೆ ಹಿಡಿದಿದ್ದಾರೆ. ಚಿಕ್ಕಂದಿನಲ್ಲಿ ಆ ಅಜ್ಜನ ತೊಡೆಯ ಮೇಲೆ ಬೆಳೆದವರು. ಸಾಯುವ ಮುನ್ನ ಒಮ್ಮೆ ಆ ಮುಖ ನೋಡಬೇಕೆನ್ನುತ್ತಿದ್ದಾರೆ. ಮನೆಯಲ್ಲಿ ಅಜ್ಜನ ಬೇರೆ ಯಾವ ಚಿತ್ರವೂ ಇಲ್ಲ. ದಯವಿಟ್ಟು ಕಳುಹಿಸುವಿರಾ?

"ಅವ್ರ ಮನೆ ಹಿರೀಕ ಅವ್ರ ಮನೆಗೋಗ್ಲಿ, ಅದರಲ್ಲೇನು ಕೇಳೋದು" ಎಂದರು ಸ್ವಾಮಿಯವರು.

ನಾನು ಫೋನು ತೆಗೆದು, ಈಗಲೇ ಒಂದು ಫೋಟೊ ಹೊಡೆದು ಕಳುಹಿಸಿದರೆ ಮುದುಕಿ ಸಂಜೆಯೊಳಗೆ ನೋಡುತ್ತಾರೆ, ಕಾರ್ಡು ನಿಧಾನವಾಗಿ ಹೋಗಲಿ ಎಂದೆ. ಅವರು ಅಂಗೈಯಿಂದ ಅಜ್ಜಯ್ಯನನ್ನು ಮುಚ್ಚಿಬಿಟ್ಟರು.

"ಎಲೆ ಫೋಟೋ ತಗ್ದು ಹರಾಜಿಗೆ ಕಳಿಸ್ತಾರೇನ್ರೀ ಮೇಷ್ಟ್ರೇ? ಆಯಮ್ಮ ಕೈಯಲ್ಲಿ ಮುಟ್ಬೇಕು. ಬುಡಿ, ಫೋನು ಒಳಗಿಡಿ."

ಮಾತು ಚೆನ್ನಾಗಿದೆಯೆಂದು ನಕ್ಕು ಫೋನು ಒಳಗಿಟ್ಟೆ. ನನ್ನ ಜೀವಮಾನದ ನಗೆಗಳಲ್ಲಿ ಅಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ.

ಕಾರ್ಡನ್ನು ಲಕೋಟೆಗೆ ಹಾಕುವಾಗ ಅದರ ಒಂದು ಮೂಲೆ ಪುಡಿಯಾಗಿ ಸ್ವಾಮಿಯವರ ಬೆರಳಿಗೆ ಬಂತು. ಬೇಸಿಗೆಯಲ್ಲಿ ಹಳೆಯ ರಟ್ಟು ಹಾಗೇ ಆಗುತ್ತದೆ. ಆದರೆ ಒಣಗಿ ಪುಡಿಯಾಗುವುದಕ್ಕೆ ಮದ್ದೇನೆಂದು ನಲವತ್ತು ವರ್ಷದಿಂದ ಬಲ್ಲವರಲ್ಲವೇ ಅವರು? ಬೇಯಿಸಿ ಇಳಿಸಿದ ಹೊಗೆಸೊಪ್ಪನ್ನು ಒಣಗಿದಂತೆಯೇ ಮುಟ್ಟಿದರೆ ಚೂರಾಗುತ್ತದೆ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ನೆಲಕ್ಕೆ ನೀರು ಚಿಮುಕಿಸಿ ತೇವದ ಗಾಳಿಯಲ್ಲಿ ಬಿಟ್ಟರೆ ಹದಕ್ಕೆ ಬಂದು ಬಟ್ಟೆಯಂತೆ ಬಳುಕುತ್ತದೆ. ಸುಗ್ಗಿ ಮುಗಿದು ಖಾಲಿ ನಿಂತಿದ್ದ ಬ್ಯಾರನ್ನಿಗೆ ನಾಲ್ಕು ಕೊಡ ನೀರು ಹೊಡೆದು, ಒದ್ದೆ ಗೋಣಿಯ ಮೇಲೆ ಮೂವತ್ತೇಳು ಮಂದಿಯನ್ನೂ ಸಾಲಾಗಿ ಮಲಗಿಸಿದರು. ಅಜ್ಜಯ್ಯನೊಬ್ಬನಿಗೇ ಉಪಚಾರ ಮಾಡಿದರೆ ಉಳಿದವರು ಏನೆಂದುಕೊಂಡಾರು?

ಮಾರನೆಯ ದಿನ ನಾನು ಹೋದಾಗ ಒನಕೆ ಬಸಪ್ಪನನ್ನು ವೀಳ್ಯದೆಲೆಯಂತೆ ಬಾಗಿಸಿ ತೋರಿಸಿದರು. "ನೋಡಿ, ಈಗ ಸಮುದ್ರ ದಾಟುದ್ರೂ ಮುರಿಯಾಕಿಲ್ಲ." ಎಂ.ಎ. ಓದಿದ ನಾನೂ ಭೇಷ್ ಎಂದೆ. ಬಳಿಕ ಸುರುಳಿ ಸುತ್ತದಿರಲೆಂದು ಎಲ್ಲರನ್ನೂ ಒಂದರ ಮೇಲೊಂದು ಜೋಡಿಸಿ, ಸೊಪ್ಪನ್ನು ಬೇಲ್ ಕಟ್ಟುವ ಪೆಟ್ಟಿಗೆಯಲ್ಲಿಟ್ಟು, ಮೇಲೆ ಚಪ್ಪಡಿ ಕಲ್ಲು ಹೇರಿದರು.

ನಾಲ್ಕನೆಯ ದಿನ ಕಲ್ಲೆತ್ತಿದಾಗ ಮೂವತ್ತೇಳು ಮಂದಿ ಒಂದೇ ಇಟ್ಟಿಗೆಯಾಗಿದ್ದರು. ಸ್ವಾಮಿಯವರು ಉಗುರಿನಿಂದ ಬಿಡಿಸತೊಡಗಿದರು. ಬಸಪ್ಪನ ಮುಖ ಗುರುಪಾದಪ್ಪನ ಬೆನ್ನಿಗೆ ಅಂಟಿಕೊಂಡು ಹೋಯಿತು, ಗುರುಪಾದಪ್ಪನ ಮುಖ ಅವನ ಕೆಳಗಿನವನ ಬೆನ್ನಿಗೆ. ಅಜ್ಜಯ್ಯ ನಡುವಿನಲ್ಲಿದ್ದರು. ರಟ್ಟು ಬಂತು, ಅರ್ಧ ಟೋಪಿ, ಒಂದು ಕಿವಿ ಬಂದವು, ಉಳಿದದ್ದೆಲ್ಲ ಬಿಳಿಯ ನಾರು.

"ಬುಡಿ ಇನ್ನ, ಎಳೀಬ್ಯಾಡಿ" ಎಂದು ಮಂಗಳಮ್ಮ ಅವರ ಮಣಿಕಟ್ಟು ಹಿಡಿದರು.

ಸ್ವಾಮಿಯವರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಅವತ್ತು ನಂಗೆ ಕಾಣ್ದಂಗೆ ಒಂದು ಫೋಟೋ ಹೊಡ್ಕೊಂಡಿದ್ರಾ?" ಎಂದು ಕೇಳಿದರು.

ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ನಾನು ಅವತ್ತೊಂದು ದಿನ ಹೇಳಿದಂತೆ ಕೇಳಿದ್ದೆ. ಇಲ್ಲ ಎಂದೆ.

ಅಂಚೆಯಲ್ಲಿ ಕಳೆದುಹೋಯಿತೆಂದು ಬರೆದುಬಿಡೋಣ ಎಂದು ಸೂಚಿಸಿದೆ. "ಬ್ಯಾಡ. ಅಂಚೆಯೋನು ಏನು ಮಾಡ್ದ? ಕಾಯಾಕೋಗಿ ನಾನೇ ಕೆಡಿಸ್ದೆ ಅಂತ ಬರೀರಿ." ಆಮೇಲೆ, ಹಾಸಿಗೆಯಲ್ಲಿರುವ ಆಯಮ್ಮನಿಗೆ ಓದಿ ಹೇಳಲಿ ಎಂದು, ಅಜ್ಜಯ್ಯನ ಮುಖವನ್ನು ಬಾಯಲ್ಲಿ ಹೇಳತೊಡಗಿದರು. ಉದ್ದ ಮೂಗು. ಚಪ್ಪಟೆ ಗಲ್ಲ. ನಗು ಬಂದದ್ದನ್ನು ತಡೆದುಕೊಂಡಂಥ ತುಟಿ. ಒಂದು ಹುಬ್ಬು ವಸಿ ಮೇಲಕ್ಕೆ. ನಾನು ಎರಡು ಪುಟ ಇಂಗ್ಲಿಷಿನಲ್ಲಿ ಬರೆದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಪರೀಕ್ಷೆಯನ್ನೂ ಬರೆದವನಲ್ಲ.

ಉತ್ತರ ಮೇ ತಿಂಗಳಲ್ಲಿ ಬಂತು. ಬೇಸರಪಡಬೇಡಿ ಎಂದು ಆ ಮಗಳು ಮರ್ಯಾದೆಯಿಂದ ಬರೆದಿದ್ದಳು. ಪತ್ರವನ್ನು ಅತ್ತೆಗೆ ಎರಡು ಸಲ ಓದಿ ಹೇಳಿದಳಂತೆ. ಇದು ನಮ್ಮಜ್ಜನಲ್ಲ, ಬೇರೆ ಯಾರೋ ಎಂದು ಅವರು ಗೋಡೆಯ ಕಡೆಗೆ ಹೊರಳಿಕೊಂಡರಂತೆ. ಮರುವಾರ ಹೋದರಂತೆ.

ಮುಚ್ಚಿಡುವ ಧೈರ್ಯವಾಗದೆ ಇದ್ದದ್ದನ್ನು ಇದ್ದಂತೆ ಓದಿದೆ. ಸ್ವಾಮಿಯವರು ಸ್ವೆಟರಿನ ಅಂಚನ್ನು ಎಳೆಯುತ್ತ ಕುಳಿತಿದ್ದರು.

"ನಿಜ ಇರ್ಬೋದು ಮೇಷ್ಟ್ರೇ" ಎಂದರು. "ನಾನು ಬಸಪ್ಪನ ಮುಖ ಹೇಳ್ಬುಟ್ನೇನೋ."

ಉದಾಸೀನದಿಂದ ಹಾಳಾದ ವಸ್ತುಗಳಿಗಾಗಿ ಲೋಕದಲ್ಲಿ ಬೈಸಿಕೊಳ್ಳಲು ಯಾರಾದರೊಬ್ಬರು ಸಿಗುತ್ತಾರೆ. ಬೈದವರಿಗೆ ಅಷ್ಟರಮಟ್ಟಿಗೆ ಸಮಾಧಾನ. ತಾವು ಬಲ್ಲ ಒಂದೇ ವಿದ್ಯೆಯನ್ನು ತಮಗೆ ಪ್ರಿಯವಾದ ಎಲ್ಲದಕ್ಕೂ ಧಾರೆಯೆರೆಯುವ ಜನ ಬೇರೆಯೇ. ಸೊಪ್ಪು ಬೆಳೆಯುವವರಲ್ಲಿ, ಪಾಠ ಹೇಳುವವರಲ್ಲಿ, ಹೆತ್ತವರಲ್ಲಿ, ಎಲ್ಲ ಕಡೆಯೂ ನಾನು ಅವರನ್ನು ಕಂಡಿದ್ದೇನೆ. ಅವರ ಕೈ ಒರಟಾಗಿದ್ದಾಗ ಏನೂ ಕೆಡುವುದಿಲ್ಲ, ಬಹಳ ಮೆತ್ತಗಾದ ದಿನವೇ ಕೆಡುತ್ತದೆ. ಅಂಥವರನ್ನು ನಾವು ನೀವು ಸುಲಭವಾಗಿ ಕ್ಷಮಿಸಿಬಿಡುತ್ತೇವೆ. ಅವರಿಗೆ ನಮ್ಮ ಕ್ಷಮೆ ಬೇಕಾಗಿರುವುದಿಲ್ಲ. ಬೇಕಾದ ಕ್ಷಮೆಯನ್ನು ಕೊಡಬಲ್ಲವರ ಮುಖವೇ ಉಳಿದಿರುವುದಿಲ್ಲ.