ಕುಂಬಾರವಾಡದಾಕಿ

“ಅಲ್ಲೆ ಕುಂಡ್ರಬ್ಯಾಡ ಹೊಳೆವ್ವ, ಈ ಕಡೆ ಬಾ.”

ದ್ರಾಕ್ಷಾಯಣಿ ಕೈ ಚಾಚಿ ಹೊಳೆವ್ವನ ಸೆರಗು ಹಿಡಿದೆಳೆದಳು. ಅರ್ಧ ಬಗ್ಗಿದ್ದ ಹೊಳೆವ್ವ ಮೊಣಕಾಲು ಹಿಡಿದುಕೊಂಡು ಮತ್ತೆ ಎದ್ದಳು. ಶೇಖಪ್ಪನ ಎಡಗಡೆ ಮಡಚಿ ಹಾಕಿದ್ದ ಕೌದಿ ಖಾಲಿಯೇ ಉಳಿಯಿತು. ಬೆಳಗಿನಿಂದ ಅಲ್ಲಿ ಕೂತವರನ್ನು ಎಬ್ಬಿಸಿದ್ದು ಇದು ನಾಲ್ಕನೆಯ ಸಲ.

ಶೇಖಪ್ಪ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ನಿನ್ನೆ ಸಂಜೆ ಹಳಿಯಾಳದ ಮಾರ್ಕೆಟಿನಲ್ಲಿ ಗೋವಿನಜೋಳದ ಚೀಲಗಳಿಗೆ ಹೀಗೆಯೇ ಒರಗಿದವನು ಏಳಲಿಲ್ಲ. ತೇರಗಾಂವದ ಮನೆಗೆ ತಂದು, ಲಿಂಗವಂತರ ಪದ್ಧತಿಯಂತೆ ಕೂಡ್ರಿಸಿ, ತಲೆ ವಾಲದಂತೆ ಹಣೆಗೆ ಬಿಳಿ ಪಟ್ಟಿ ಕಟ್ಟಿ ಗೋಡೆಯ ಗೂಟಕ್ಕೆ ಬಿಗಿದಿದ್ದರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಅಂಗಿಯ ಎರಡನೆಯ ಗುಂಡಿ ಇರಲಿಲ್ಲ. ಹಚ್ಚಬೇಕಿತ್ತು ಎಂದು ಹೆಂಡತಿ ದ್ರಾಕ್ಷಾಯಣಿಗೆ ಆಗಾಗ ನೆನಪಾಗುತ್ತಿತ್ತು, ಅಷ್ಟೇ. ಅಳು ಬಂದಿರಲಿಲ್ಲ.

ಪರಸಪ್ಪ ಮೊಣಕಾಲ ತನಕ ಕೆಸರು ಮಾಡಿಕೊಂಡು ಅಂಗಳಕ್ಕೆ ಬಂದ. ಬಾಜೂ ಮನೆಯವನು, ಬೆಳಿಗ್ಗೆಯಿಂದ ಕುಣಿ ತೋಡಿಸುವ ಉಸ್ತುವಾರಿ ಅವನದೇ.

“ಅಯ್ನೋರ, ಕುಣ್ಯಾಗ ನೀರ ಜಿನಗಾಕ ಹತ್ಯಾವರಿ. ಎರಡ ಸಲ ಬಕೆಟ್ಲೆ ತಗದು ಒಗದ್ವಿ. ಇನ್ನ ತಡಾ ಮಾಡಿದ್ರ ಶೇಖಪ್ಪಣ್ಣನ್ನ ಕೆರಿಯಾಗ ಕುಂಡ್ರಿಸಿದಂಗ ಆಗತೈತಿ.”

ಕ್ರಿಯೆ ಮಾಡಿಸಲು ಬಂದಿದ್ದ ಜಂಗಮ ಸಿದ್ದಲಿಂಗಯ್ಯ ಗಡಿಯಾರ ನೋಡಿದ. “ಹನ್ನೆರಡರೊಳಗ ಎತ್ತೂಣು ತಂಗಿ. ಬರೂ ಮಂದಿ ಎಲ್ಲಾ ಬಂದಾರಲ್ಲ.”

“ಇನ್ನೊಬ್ಬರು ಬರೂದೈತ್ರಿ,” ಎಂದಳು ದ್ರಾಕ್ಷಾಯಣಿ. “ಹನ್ನೆರಡೂವರಿ ಬಸ್ಸು ಬರ್ಲಿ.”

ಮಗಳು ಲಕ್ಷ್ಮೀದೇವಿ ಸಣ್ಣ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅದರ ಬಾಯಿಗೆ ನೆನೆದ ಬಿಸ್ಕೀಟು ತುರುಕುತ್ತಿದ್ದಳು. ಚಿಗಳ್ಳಿಯಿಂದ ನಸುಕಿಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದವಳಿಗೆ ಕೂತು ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ. “ಯಾರವ್ವಾ ಬರೂದು? ಧಾರವಾಡದ ಕಾಕಾ ಬಂದ್ರು, ನಾ ಬಂದೆ. ಯಾವ ಬಸ್ಸು?”

“ಕುಂಬಾರವಾಡದ ಕಡೆ ಮಂದಿ ಬರೂ ಬಸ್ಸು.”

ಭಜನೆಯವರ ತಾಳ ಒಂದು ಪೆಟ್ಟು ತಪ್ಪಿತು. ಪರಸಪ್ಪ ಕೆಸರಿನ ಕಾಲನ್ನು ನೋಡಿಕೊಳ್ಳತೊಡಗಿದ. ಹೊಳೆವ್ವ ಖಾಲಿ ಕೌದಿಯನ್ನು ನೋಡಿದಳು. ಈಗ ಅವಳಿಗೆ ಅದು ಯಾರಿಗೆ ಹಾಸಿದ್ದೆಂದು ತಿಳಿಯಿತು.

*

ಏಳು ವರ್ಷದ ಹಿಂದಿನ ತನಕ ಶೇಖಪ್ಪನ ಬಗ್ಗೆ ಹೇಳುವಂಥದ್ದು ಏನೂ ಇರಲಿಲ್ಲ. ದಲಾಲಿ ಅಂಗಡಿಯಲ್ಲಿ ಕಾಳು ಕಡಿಯುವುದು ಅವನ ಕೆಲಸ. ರೈತರು ತಂದ ಚೀಲದಿಂದ ನಾಲ್ಕು ಕಾಳು ತೆಗೆದು, ಒಂದನ್ನು ಮುಂದಿನ ಹಲ್ಲಿಗಿಟ್ಟು ಕಟ್ ಎನ್ನಿಸಿ, “ಹಸಿ ಐತಿ, ಇನ್ನ ಎರಡ ಬಿಸಲು ಬೇಕು” ಅನ್ನುತ್ತಿದ್ದ. ಕೊಳ್ಳುವವನೂ ಮಾರುವವನೂ ಅವನ ಹಲ್ಲಿನ ಮಾತನ್ನು ಒಪ್ಪುತ್ತಿದ್ದರು. ಆಮೇಲೆ ತೇವ ಅಳೆಯುವ ಯಂತ್ರ ಬಂತು. ಕಾಳು ಸುರಿದರೆ ಕೆಂಪು ಅಂಕಿ. ಶೇಖಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ. ಚೀಲಗಳಿಗೆ ಚೀಟಿ ಹಚ್ಚಲು ಹಾಕಿದರು.

ತಿಂಗಳಿಗೊಂದು ಶನಿವಾರ, ಬಾಡಿಗೆ ಗಾಡಿ ಹೊಡೆಯುವ ಗೆಳೆಯ ಖಾಜಾಸಾಬನ ವ್ಯಾನು ಹತ್ತಿ ಹೋಗುವುದು ಶುರುವಾದದ್ದು ಆಮೇಲೆಯೇ. ರವಿವಾರ ಮಧ್ಯಾಹ್ನ ಬರುತ್ತಿದ್ದ. ಜಳಕ ಮಾಡಿಕೊಂಡು ಬರುತ್ತಿದ್ದ. ಮೈಗೆ ಮನೆಯದಲ್ಲದ ಸಾಬೂನಿನ ವಾಸನೆ, ಬಾಯಲ್ಲಿ ಲವಂಗ. ಅಂಗಿ ಒಗೆಯುವಾಗ ಕಿಸೆಯಲ್ಲಿ ಹುರಿದ ಕಾಳು ಸಿಗುತ್ತಿದ್ದವು, ಜವೆಗೋದಿಯಂಥವು. ದಾರಿಯಲ್ಲಿ ತಿನ್ನಲಿಕ್ಕೆಂದು ಯಾರೋ ಹುರಿದು ಕೊಟ್ಟಂತೆ. ಎಸೆಯಲು ಮನಸ್ಸಾಗದೆ ದ್ರಾಕ್ಷಾಯಣಿ ಅವನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದಳು.

ಒಂದು ಸಲ ಪರಸಪ್ಪ ಜೋಯಿಡಾ ಕಡೆ ಬಿದಿರಿಗೆ ಹೋಗಿದ್ದವನು ಬಂದು, ಕುಂಬಾರವಾಡದಲ್ಲಿ ಶೇಖಪ್ಪಣ್ಣ ಒಂದು ಹೆಣ್ಣುಮಗಳ ಮನೆಯ ಕಟ್ಟೆಯ ಮೇಲೆ ಕೂತು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದ ಎಂದು ಹೇಳಿದ. ಊರಿಗೆ ಅಷ್ಟು ಸಾಕಾಯಿತು.

ಆ ಮಳೆಗಾಲ ದ್ರಾಕ್ಷಾಯಣಿ ಅತ್ತಳು. ಆಮೇಲೆ ಬಿಟ್ಟಳು. ಅವಳಪ್ಪ ಸಾರಾಯಿ ಕುಡಿದು ಸತ್ತವನು. ಗಟಾರದಿಂದ ಅವನನ್ನು ಎತ್ತಿ ತರುವಾಗ ಒಂದು ಕಾಲು ಹಿಡಿದವಳು ಅವಳೇ, ಹನ್ನೊಂದು ವರ್ಷದವಳು. ಮದುವೆಗೆ ಅವಳು ಕೇಳಿದ್ದು ಒಂದೇ: ಕುಡಿಯದ ಗಂಡು. ಅದೊಂದು ಮಾತು ನಡೆದಿತ್ತಲ್ಲ. ಉಳಿದದ್ದಕ್ಕೆ ಹೊಂದಿಕೊಂಡಳು. ಊರೆಲ್ಲ ಬಂದ್ ಆದ ಕೊರೋನಾದ ದಿನಗಳಲ್ಲಿ ಗಂಡ ಅಂಗಳದಲ್ಲಿ ಸುಮ್ಮನೆ ತಿರುಗಾಡುವುದನ್ನು ನೋಡಲಾರದೆ ಫೋನು ತಂದು ಕೈಗಿಟ್ಟು, “ಯಾರಿಗರ ಮಾತಾಡೂದಿದ್ರ ಮಾತಾಡ್ರಿ. ನಾ ಹಿತ್ತಲಕ ಹೊಕ್ಕೇನಿ,” ಎಂದಿದ್ದಳು. ಅವನು ಖಾಜಾಸಾಬನಿಗೆ ಹಚ್ಚಿದ.

ಏಳು ವರ್ಷದಲ್ಲಿ ಅವಳು ಕೇಳಿದ ಪ್ರಶ್ನೆ ಒಂದೇ.

“ಅಲ್ಲೆ ಊಟ ಆತೇನ್ರಿ?”

“ಆತು.”

*

ಖಾಜಾಸಾಬ ಗೋವಾದ ವಿಮಾನ ನಿಲ್ದಾಣಕ್ಕೆ ಪ್ರವಾಸಿಗರನ್ನು ಬಿಡಲು ಹೋಗಿದ್ದ. ಸುದ್ದಿ ತಡವಾಗಿ ಮುಟ್ಟಿ, ಅವನು ತೇರಗಾಂವ ಸೇರಿದಾಗ ಹನ್ನೊಂದೂವರೆ. ಚಪ್ಪಲಿ ಹೊರಗೆ ಬಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು ಹೊಸ್ತಿಲಲ್ಲೇ ನಿಂತ. ಹೂಮಾಲೆ ಹಾಕಿಕೊಂಡು ನೆಟ್ಟಗೆ ಕೂತ ಶೇಖಪ್ಪನನ್ನು ನೋಡಿದ. ಎತ್ತರದ ಸ್ಟೂಲುಗಳ ಮೇಲೂ ಹೀಗೆಯೇ ಕೂತಿರುತ್ತಿದ್ದ, ಬೆನ್ನು ಬಗ್ಗಿಸದೆ, ಕಾಲು ನೆಲಕ್ಕೆ ಮುಟ್ಟದೆ.

ಪರಸಪ್ಪ ಅವನ ತೋಳು ಹಿಡಿದು ಬದಿಗೆ ಕರೆದ. “ಬಂದೇನು ಮಾರಾಯ? ಆಕಿ ಬರ್ತಾಳೋ ಇಲ್ಲೋ ಅಷ್ಟ ಹೇಳಿಬಿಡು. ಅಕ್ಕಾ ಹೆಣಾ ಎತ್ತಾಕ ಬಿಡವಲ್ಲಳು.”

“ಯಾವಾಕಿ?”

“ಅಬಬಾ! ಸಾಬಣ್ಣಗ ಏನೂ ಗೊತ್ತಿಲ್ಲ ನೋಡ್ರಿ. ಏಳ ವರ್ಷ ಗಾಡಿ ಹೊಡದಾಂವ ನೀನು. ಕುಂಬಾರವಾಡದಾಕಿ!”

ಖಾಜಾಸಾಬ ಖಾಲಿ ಕೌದಿಯ ಕಡೆ ನೋಡಿದ. ದ್ರಾಕ್ಷಾಯಣಿ ಅಲ್ಲಿಂದಲೇ ಅವನಿಗೆ ಹಿತ್ತಲಿನತ್ತ ಕಣ್ಣಿನಲ್ಲೇ ಸನ್ನೆ ಮಾಡಿ ಎದ್ದಳು.

*

ಗೋವಾಕ್ಕೆ ಕೋಳಿ ಆಹಾರದ ಕಾರಖಾನೆಗೆ ಗೋವಿನಜೋಳ ಹಾಕಲು ಹೋಗಿದ್ದ ದಿನ ಅದು ಶುರುವಾಗಿತ್ತು. ಟೆಂಪೋ ಖಾಲಿಯಾಗುವ ತನಕ ಶೇಖಪ್ಪ, ಖಾಜಾಸಾಬ ಇಬ್ಬರೂ ಬಾಜೂದಲ್ಲಿದ್ದ ಒಂದು ಶೆಡ್ಡಿನ ನೆರಳಿಗೆ ನಿಂತಿದ್ದರು. ಬಾಗಿಲಲ್ಲಿ ಹುರಿದ ಜವೆಗೋದಿಯ ಚೀಲಗಳಿದ್ದವು. ಶೇಖಪ್ಪನ ಕೈ ಸುಮ್ಮನಿರಲಿಲ್ಲ. ಹರಿದ ಮೂಲೆಯಿಂದ ಒಂದು ಕಾಳು ತೆಗೆದು ಕಡಿದ. ಇನ್ನೊಂದು ಚೀಲದ್ದನ್ನೂ ಕಡಿದ. ಒಳಗಿನಿಂದ ಬಂದ ಅಂತೋನಿ ಎಂಬ ನೆರೆತ ಗಡ್ಡದವನಿಗೆ ತನ್ನ ಮುರುಕು ಕೊಂಕಣಿಯಲ್ಲಿ, ಈ ಎರಡೂ ಒಂದೇ ಅಲ್ಲ, ಇದು ಒಂದು ಚೂರು ಹೆಚ್ಚು ಹುರಿದದ್ದು ಎಂದ. ಅಂತೋನಿ ನಕ್ಕು ಚೀಟಿ ನೋಡಿದ. ನಗು ನಿಂತಿತು. ಚೀಲ ಅದಲುಬದಲಾಗಿ ಬಂದಿತ್ತು.

ಅವನು ಅಲ್ಲಿ ಬಿಯರ್ ಮಾಡುತ್ತಿದ್ದ. ಕೈಯಿಂದ, ಸಣ್ಣ ಸಣ್ಣ ಹಂಡೆಗಳಲ್ಲಿ. ಒಂದು ಗ್ಲಾಸು ಇವನ ಮುಂದಿಟ್ಟ. ಶೇಖಪ್ಪ ಅರ್ಧ ತಾಸು ಒಲ್ಲೆನೆಂದ. ಆಮೇಲೆ ಮೆಣಸಿನ ಸಾರು ನೋಡುವವನಂತೆ ನಾಲಿಗೆಯ ತುದಿ ಹಚ್ಚಿದ.

“ಖಾಜಾ, ಇದರಾಗ ಆ ಕಾಳು ಐತಲ್ಲೋ. ಹಂಗಂದ್ರ ಹಂಗ ಐತಿ.”

ಅಲ್ಲಿಂದ ಮುಂದೆ ಅಂತೋನಿ ಹೇಳಿದ, ಇಂಥದೇ ಬಿಯರ್ ಮಾಡುವ ಊರುಗಳು. ಮಡಗಾಂವ, ಪುಣೆ, ಬೆಂಗಳೂರು. ಪುಣೆಗೆ ಏಳೆಂಟು ತಾಸು ಹಾದಿ. ಹೋಗಿ, ಕಾಲೇಜು ಹುಡುಗರ ಗದ್ದಲದ ನಡುವೆ ಧೋತರ ಉಟ್ಟು ಎತ್ತರದ ಸ್ಟೂಲಿನ ಮೇಲೆ ಕೂತು, ಒಂದು ಗ್ಲಾಸು. ಒಂದೇ. ಎದುರಿಗೆ ಲಿಂಬೆ ಸೋಡಾ ಹಿಡಿದ ಖಾಜಾಸಾಬ.

“ಇಷ್ಟ ದೂರ ಬಂದು, ಒಂದ ಗುಟುಕಿಗೆ ಮಾರಿ ಕಿವಿಚಿದೆಲ್ಲೋ!”

“ಅವಸರ ಮಾಡ್ಯಾರ. ಕಾಳಿಗೆ ಟೈಮ್ ಕೊಟ್ಟಿಲ್ಲ. ಹೋಗೂಣು ನಡಿ.”

“ನಮ್ಮ ಹಳಿಯಾಳದಾಗ ಬಾಟ್ಲಿ ಸಿಗೂದಿಲ್ಲೇನು? ನನ್ನ ಟಾಯರ್ ಉಳೀತಿದ್ವು.”

“ಬಾಟ್ಲಿಗೆ ಊರಿಲ್ಲೋ ಖಾಜಾ. ಎಲ್ಲಾ ಕಡೆ ಒಂದ ರುಚಿ. ಇದಕ್ಕ ಊರೈತಿ, ಮಾಡಿದಾಂವ ಅದಾನ. ಕೆಟ್ಟರೂ ಇಂಥಾಂವನ ಕೈಯಾಗ ಕೆಟ್ಟೈತಿ ಅಂತ ಹೇಳಬಹುದು.”

ಯಾವ ಊರಿಂದ ಬಂದರೂ ಸುತ್ತು ಹಾಕಿ ದಾಂಡೇಲಿಯಲ್ಲಿ ಕಾಳಿ ಹೊಳೆಗೆ ಇಳಿಯುತ್ತಿದ್ದ. ಹೊಸ ಸಾಬೂನು ಒಡೆದು ತಲೆಯಿಂದ ಕಾಲಿನ ತನಕ ತಿಕ್ಕಿ, ಉಳಿದದ್ದನ್ನು ಬಂಡೆಯ ಮೇಲೆ ಬಿಟ್ಟು ಬರುತ್ತಿದ್ದ.

“ಲಗೂ ಏಳೋ! ಮೊಸಳಿ ಎಳಕೊಂಡು ಹೋದ್ರ ವೈನಿಗೆ ಏನಂತ ಹೇಳ್ಲಿ?”

“ಜಳಕ ಮಾಡಾಕ ಹೋಗಿದ್ದ ಅನ್ನು. ಕುಡದಿದ್ದ ಅಂತ ಮಾತ್ರ ಹೇಳಬ್ಯಾಡ. ನಾ ಸತ್ತಮ್ಯಾಲೂ ಹೇಳಬ್ಯಾಡ. ಅವರಪ್ಪನ ಕಾಲ ಹಿಡದು ಎತ್ಯಾಳ ಆಕಿ.”

ಊರಲ್ಲಿ ಹೆಂಗಸಿನ ಸುದ್ದಿ ಎದ್ದಾಗ ಖಾಜಾಸಾಬನೇ ಅದನ್ನು ಅವನ ಕಿವಿಗೆ ಹಾಕಿದ್ದ. ಶೇಖಪ್ಪ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

“ಇರ್ಲಿ ಬಿಡು,” ಎಂದ. “ಅದನ್ನರ ಆಕಿ ತಡಕೊಂತಾಳ.”

*

ಹಿತ್ತಲಲ್ಲಿ ಎಮ್ಮೆಗೆ ಯಾರೂ ನೀರು ಕುಡಿಸಿರಲಿಲ್ಲ. ದ್ರಾಕ್ಷಾಯಣಿ ಬಕೆಟ್ಟು ಅದರ ಮುಂದೆ ಸರಿಸಿದಳು.

“ಆಕಿ ಹೊಂಟಾಳೇನು?”

“ವೈನಿ...”

“ನನ್ನ ಮುಂದ ಸೋಗ ಬ್ಯಾಡ ಖಾಜಾ. ನಾ ಬೈಯೂದಿಲ್ಲ. ಬಸ್ಸಿಗೆ ಬಂದ್ರ ಸ್ಟ್ಯಾಂಡಿಂದ ನೀನ ಕರಕೊಂಡು ಬಾ. ಒಬ್ಬಾಕಿನ ಇಷ್ಟ ಮಂದ್ಯಾಗ ಬರಾಕ ಅಂಜ್ತಾಳ.”

ಬರುವುದಿಲ್ಲ ಅನ್ನಬಹುದಿತ್ತು. ಆಕೆಗೆ ಮೈಯಲ್ಲಿ ಆರಾಮಿಲ್ಲ, ಬಸ್ಸು ತಪ್ಪಿತು, ಏನಾದರೂ ಒಂದು. ಶೇಖಪ್ಪನ ಮಾತೂ ಉಳಿಯುತ್ತಿತ್ತು. ಖಾಜಾಸಾಬ ಅದಕ್ಕಾಗಿ ಬಾಯಿ ತೆರೆದಿದ್ದ.

“ಇವತ್ತ ಬರಲಿಲ್ಲಂದ್ರ ದಿನಾ ಕಳದ ಮ್ಯಾಲೆ ನಾನ ಕುಂಬಾರವಾಡಕ್ಕ ಹೋಗಾಕಿ,” ಎಂದಳು ಅವಳು. “ನನ್ನ ಕೂಡ ಮಾತ ಕಡಿಮಿ ಅವರದು. ಉಂಡೆ, ಬಂದೆ, ಹೋದೆ, ಅಷ್ಟ. ಆಕಿ ಮುಂದರ ಏನರ ಮಾತಾಡಿರಬೇಕು. ಕೇಳಬೇಕು ನಾ.”

ಎಮ್ಮೆ ಬಕೆಟ್ಟಿಗೆ ಮೂತಿ ಇಟ್ಟು ನೀರು ಕುಡಿಯತೊಡಗಿತು.

“ಕುಂಬಾರವಾಡದಾಗ ಯಾರೂ ಇಲ್ಲ ವೈನಿ,” ಎಂದ ಖಾಜಾಸಾಬ. “ಪರಸಪ್ಪ ನೋಡಿದ ದಿನ ಕಾರವಾರದ ಹಾದಿ ಹಿಡದಿದ್ವಿ. ಗಾಡಿ ಪಂಚರ್ ಆತು. ಒಬ್ಬಾಕಿ ಮುದುಕಿ ನೀರ ಕೊಟ್ಲು. ಆಕಿಗೆ ಎಂಬತ್ತರ ಮ್ಯಾಲಿದ್ವು.”

ಆಮೇಲೆ ಉಳಿದದ್ದನ್ನೂ ಹೇಳಿದ. ಶೆಡ್ಡು, ಚೀಲ, ಕಿಸೆಯ ಕಾಳು, ಅಂತೋನಿ, ಪುಣೆ, ಸಾಬೂನು. ಹೇಳುವಾಗ ಅವಳ ಮುಖ ನೋಡಲಿಲ್ಲ. ಎಮ್ಮೆಯ ಮುಖ ನೋಡಿದ.

“ಕುಡದು ಬೀಳ್ತಿದ್ರೇನು?”

“ಇಲ್ಲ ವೈನಿ. ನಮ್ಮ ಮಕ್ಕಳ ಆಣಿ. ಒಂದ ಗ್ಲಾಸು. ಅದನ್ನ ಒಂದ ತಾಸು ಕುಡಿಯಾಂವ.”

“ನಮ್ಮಪ್ಪನೂ ಮೊದಲ ಒಂದ ಗ್ಲಾಸೇ ಕುಡೀತಿದ್ದ.” ಅದನ್ನು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. ಆಮೇಲೆ ಕೇಳಿದಳು: “ಊರಾಗ ನಾವು ಏನ ತಿಳಕೊಂಡಿದ್ವಿ, ಅದು ಅವರಿಗೆ ಗೊತ್ತಿತ್ತೇನು?”

ಖಾಜಾಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. “ಗೊತ್ತಿತ್ತು.”

ದ್ರಾಕ್ಷಾಯಣಿ ಖಾಲಿಯಾದ ಬಕೆಟ್ಟನ್ನು ಎತ್ತಿ ಗೋಡೆಯ ಬದಿಗೆ ಬೋರಲು ಹಾಕಿದಳು. ಹಾಕಿದ ಮೇಲೂ ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

“ಹಂಗಾದ್ರ ಯಾರೂ ಬರೂದಿಲ್ಲ,” ಎಂದಳು.

*

ಅವಳು ಒಳಗೆ ಬಂದಾಗ ಕೈಯಲ್ಲಿ ಒಂದು ಸಣ್ಣ ಡಬ್ಬಿ ಇತ್ತು.

“ಎತ್ತೂದಾದ್ರ ಎತ್ತರಿ ಅಯ್ನೋರ. ಬಸ್ಸಿನ ಹಾದಿ ಕಾಯೂದು ಬ್ಯಾಡ.”

ಪರಸಪ್ಪ ಖುಷಿಯಾದದ್ದನ್ನು ಮುಚ್ಚಿಡಲು ಕೆಮ್ಮಿ, ಕುಣಿಯ ನೀರು ತೆಗೆಸಲು ಓಡಿದ. ಹೆಣ ಕೂಡ್ರಿಸಿ ಒಯ್ಯುವ ವಿಮಾನ ಕಟ್ಟಿದವರು ಅದನ್ನು ಅಂಗಳದ ನಡುವೆ ತಂದಿಟ್ಟರು. ಲಕ್ಷ್ಮೀದೇವಿಯ ದೊಡ್ಡ ಮಗ, ಅಜ್ಜ ಅದರಲ್ಲಿ ಕೂತು ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದ. ಅವಳು ಅವನ ಬಾಯಿ ಒರೆಸಿದಳು.

ಖಾಜಾಸಾಬ ಹೊಸ್ತಿಲಾಚೆ ಚಪ್ಪಲಿಗಳ ನಡುವೆ ನಿಂತಿದ್ದ.

“ಬಾ,” ಎಂದಳು ದ್ರಾಕ್ಷಾಯಣಿ. ಕೈಯಿಂದ ಗಂಡನ ಎಡಗಡೆಯ ಕೌದಿ ತೋರಿಸಿದಳು. “ಇಲ್ಲೆ ಕುಂಡ್ರು.”

“ವೈನಿ, ನಾ ಇಲ್ಲೇ...”

“ಮುಂಜಾನಿಂದ ಹಿಡದೇನಿ ಜಾಗಾ. ಕುಂಡ್ರು.”

ಹೊಳೆವ್ವ ಬಾಯಿ ತೆರೆದು ಸಿದ್ದಲಿಂಗಯ್ಯನನ್ನು ನೋಡಿದಳು. ಸಿದ್ದಲಿಂಗಯ್ಯ ವಿಭೂತಿಯ ಗಟ್ಟಿಯನ್ನು ನೋಡುತ್ತಿದ್ದ. ಖಾಜಾಸಾಬ ಬಂದು ಕೂತ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ, ಎದುರಿಗೆ ಲಿಂಬೆ ಸೋಡಾ ಇದ್ದಾಗ ಕೂಡುತ್ತಿದ್ದ ಹಾಗೆ. ಬಲಗಡೆ ಹೆಂಡತಿ, ಎಡಗಡೆ ಅವನು, ನಡುವೆ ಶೇಖಪ್ಪ.

ದೂರದ ಸ್ಟ್ಯಾಂಡಿನಲ್ಲಿ ಬಸ್ಸು ಬಂದು, ನಿಂತು, ಹೋದದ್ದು ಕೇಳಿತು. ಯಾರೂ ತಿರುಗಲಿಲ್ಲ.

ವಿಮಾನಕ್ಕೆ ಎತ್ತಲೆಂದು ನಾಲ್ವರು ಒಳಗೆ ಬಂದರು. ಒಬ್ಬ ಹಣೆಯ ಪಟ್ಟಿ ಬಿಚ್ಚತೊಡಗಿದ. ಭಜನೆಯವರು ತಾಳ ಕೆಳಗಿಟ್ಟರು. ದ್ರಾಕ್ಷಾಯಣಿ ಡಬ್ಬಿಯ ಮುಚ್ಚಳ ತೆಗೆದು, ಕಂದು ಬಣ್ಣದ ಒಂದು ಕಾಳನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಂಡಳು.

ಕಟ್ ಎಂದ ಸಪ್ಪಳ ಖಾಜಾಸಾಬನ ತನಕ ಕೇಳಿತು.