ಬೂಟು ತೊಟ್ಟ ಸಂತ

ಹಾಳೆ ಕಾಣೆಯಾದದ್ದು ಗುರುವಾರ. ಚಾರ್ಲ್ಸ್ ಹಡಗಿಗೆ ಹೊರಡುವುದು ಭಾನುವಾರ.

ಚಾರ್ಲ್ಸ್ ಬಿಜೈಯಲ್ಲಿ ನಮ್ಮ ಪಕ್ಕದ ಮನೆಯವನು, ಸರಕು ಹಡಗಿನಲ್ಲಿ ಅಡುಗೆಯವನು. ರಜೆಗೆ ಬರುವಾಗ ಪೆಟ್ಟಿಗೆಯ ತಳದಲ್ಲಿ ಅಮೆರಿಕದ ಕಾಮಿಕ್ಸ್ ಹಾಸಿಕೊಂಡು ತರುತ್ತಿದ್ದ. ಬೇರೆ ಗ್ರಹಗಳ ಭಯಂಕರ ಪ್ರಾಣಿಗಳ ಕಥೆಗಳು. ಒಂದು ಸಲಕ್ಕೆ ಒಂದೇ ಪುಸ್ತಕ. ಅದು ಇಡಿಯಾಗಿ ಮರಳಿದರೆ ಮಾತ್ರ ಮುಂದಿನದು. ಈಗ ಉಳಿದದ್ದು ಒಂದೇ. ಅದರ ರಕ್ಷಾಪುಟವನ್ನು ದೂರದಿಂದ ತೋರಿಸಿದ್ದ: ಸಮುದ್ರದ ತಳ, ಅಲ್ಲಿ ತೆರೆದ ಒಂದು ದೊಡ್ಡ ಕಣ್ಣು. ಅದನ್ನು ಓದದೆ ಇನ್ನೊಂದು ವರ್ಷ ಕಳೆಯುವುದು ನನ್ನಿಂದ ಸಾಧ್ಯವಿರಲಿಲ್ಲ.

ನಾನು ಬಿ.ಎ. ಓದುತ್ತಿದ್ದೆ. ಕನ್ನಡಕ್ಕೆ ಬಂದ ರಷ್ಯನ್ ಕಾದಂಬರಿಗಳಲ್ಲಿ ಜನ ಮುನ್ನೂರು ಪುಟ ಸಂಕಟಪಡುತ್ತಿದ್ದರು. ಈ ಕಾಮಿಕ್ಸ್‌ಗಳಲ್ಲಿ ಒಂದೇ ಚೌಕದಲ್ಲಿ, ಅರ್ಧ ಮುಖವನ್ನು ಕಪ್ಪು ಶಾಯಿಯಲ್ಲಿ ಮುಳುಗಿಸಿ, ಅಷ್ಟೇ ಸಂಕಟ ತೋರಿಸುತ್ತಿದ್ದರು. ಹತ್ತಿರ ಹಿಡಿದರೆ ಮೃಗದ ಹಸಿರೆಲ್ಲ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ದೂರ ಹಿಡಿದರೆ ಜಿಗುಟು ಚರ್ಮ.

ನನ್ನ ಬಳಿಯಿದ್ದ ಪುಸ್ತಕದಿಂದ ಪಿನ್ನು ಸಡಿಲವಾಗಿ ಕಳಚಿಬಿದ್ದ ಕೊನೆಯ ಹಾಳೆ ಆ ಸಂಜೆ ಜಪಸರದ ಪ್ರಾರ್ಥನೆಗೆ ಮೊಣಕಾಲೂರಿದಾಗ ಸಿಕ್ಕಿತು. ಆನಿ ಅಜ್ಜಿ ಅದನ್ನು ಮನೆಯ ದೇವರ ಪೀಠ ಆಲ್ತಾರಿನಲ್ಲಿ, ಗಾಜಿನ ಚೌಕಟ್ಟಿನೊಳಗೆ ಕೂರಿಸಿದ್ದರು. ಎರಡು ಮೊಂಬತ್ತಿ, ಒಂದು ಸೇವಂತಿಗೆ.

"ಸಂತ ಮಿಕಾಯೇಲ," ಎಂದರು ಅಜ್ಜಿ. "ನಿನ್ನ ಪುಸ್ತಕದ ರಾಶಿಯಲ್ಲಿ ಬಿದ್ದಿತ್ತು. ನಾಚಿಕೆ ಇಲ್ಲವಾ ನಿನಗೆ?"

ನೋಡಿದೆ. ತಲೆಯ ಸುತ್ತ ಗಾಜಿನ ಗೋಲ. ಬೆನ್ನಿನ ಯಂತ್ರದಿಂದ ಎರಡೂ ಕಡೆಗೆ ರೆಕ್ಕೆಯಂತೆ ಚಿಮ್ಮಿದ ಬೆಂಕಿ. ಕೈಯಲ್ಲಿ ಉದ್ದನೆಯ ಕಿರಣದ ಬಂದೂಕು. ಕಾಲಡಿಯಲ್ಲಿ ಹಸಿರು ಮೃಗ. ಸೈತಾನನನ್ನು ತುಳಿದ ಸಂತನ ಮೂರ್ತಿಯನ್ನು ಇಗರ್ಜಿಯಲ್ಲಿ ಎಪ್ಪತ್ತು ವರ್ಷ ನೋಡಿದವರಿಗೆ ಬೇರೇನು ಕಾಣಬೇಕು?

"ವ್ಹಡ್ಲಿಮಾಂಯ್, ಇವ ಮಂಗಳ ಗ್ರಹದಿಂದ ಬಂದವ," ಎಂದೆ ಅಜ್ಜಿಗೆ.

"ಆಕಾಶದಿಂದಲೇ ಅಲ್ಲವಾ ಬಂದದ್ದು?"

"ಬೂಟು ಉಂಟಲ್ಲ ಕಾಲಿಗೆ."

"ಅಂಥದ್ದರ ಮೇಲೆ ಬರಿಗಾಲು ಇಡ್ತಾರಾ ಮಾರಾಯ?"

ಉಳಿದದ್ದು ಒಂದೇ ದಾರಿ. ಶುಕ್ರವಾರವಿಡೀ ಆಲ್ತಾರಿನ ಮುಂದೆ ಕುಳಿತು ನಕಲು ಮಾಡಿದೆ. ನನಗೆ ಭಕ್ತಿ ಬಂತೆಂದು ಅಜ್ಜಿ ಎರಡು ಸಲ ಚಹಾ ಕೊಟ್ಟರು. ಚುಕ್ಕೆ ಇಟ್ಟೂ ಇಟ್ಟೂ ಬೆರಳು ಮರಗಟ್ಟಿತು. ಶನಿವಾರ ಬೆಳಿಗ್ಗೆ ಅವರು ಪೂಜೆಗೆ ಹೋದಾಗ ಹಾಳೆ ಬದಲಾಯಿಸಿದೆ.

ಅಜ್ಜಿ ಬಂದು, ಶಿಲುಬೆಯ ಗುರುತು ಮಾಡಲು ಎತ್ತಿದ ಕೈಯನ್ನು ಹಣೆಯಲ್ಲೇ ನಿಲ್ಲಿಸಿದರು.

"ಇವ ಯಾರು?"

"ಸಂತ ಮಿಕಾಯೇಲ."

"ಅಲ್ಲ. ಅವನಿಗೆ ಹೆದರಿಕೆ ಇತ್ತು. ಹೆದರಿದರೂ ಕಾಲು ತೆಗೆದಿರಲಿಲ್ಲ. ಇವ ಫೋಟೋಕ್ಕೆ ನಿಂತ ಮದುಮಗನ ಹಾಗೆ ಉಂಟು. ಅವನನ್ನು ತಾ."

ಅಸಲು ಹಾಳೆಯನ್ನು ತಂದು ನೋಡಿದೆ. ನಿಜ. ಗೋಲದೊಳಗೆ, ಹುಬ್ಬಿನ ಮೇಲೆ, ಮೂರು ಬೆವರ ಹನಿ. ಕಣ್ಣಿನ ಬಿಳಿ ಕಪ್ಪಿನ ಕೆಳಗೂ ಕಾಣುತ್ತಿತ್ತು. ಪುಸ್ತಕವನ್ನು ನಾಲ್ಕು ಸಲ ಓದಿದ ನಾನು ಬಂದೂಕು, ಬೆಂಕಿ, ಮೃಗ ನೋಡಿದ್ದೆ. ಇಂಗ್ಲಿಷಿನ ಒಂದಕ್ಷರ ಬಾರದ ಅಜ್ಜಿ ಅವನ ಮುಖ ನೋಡಿದ್ದರು.

ಭಾನುವಾರ ಬೆಳಿಗ್ಗೆ ಮತ್ತೆ ಕುಳಿತೆ. ಎರಡು ಸಲ ಹರಿದೆ. ಮೂರನೆಯದರಲ್ಲಿ ಕಣ್ಣು ಬರೆಯುವಾಗ ಗೇಟು ಕಿರುಗುಟ್ಟಿತು, ಚಾರ್ಲ್ಸ್ ಬಂದಿದ್ದ. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಅದನ್ನೇ ಬರೆದೆ, ಬೆವರಿನ ಸಮೇತ.

"ನೊರ್ಬರ್ಟ್, ಪುಸ್ತಕ ಎಲ್ಲಿ? ಬಸ್ಸಿಗೆ ಹೊತ್ತಾಯ್ತು," ಎಂದ ಚಾರ್ಲ್ಸ್.

"ಕೂತ್ಕೋ. ನಾನಿನ್ನೂ ನೋಡಿ ಆಗಲಿಲ್ಲ," ಎಂದರು ಅಜ್ಜಿ.

ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚಾರ್ಲ್ಸ್ ನನ್ನತ್ತ ನೋಡಿದ. ನಾನು ಸೇವಂತಿಗೆಯತ್ತ ನೋಡಿದೆ. ಕೊನೆಗೆ ಅಜ್ಜಿ ಅಚ್ಚಾದ ಹಾಳೆಯನ್ನು ಅವನಿಗೆ ಕೊಟ್ಟು ನನ್ನದರ ಅಂಚನ್ನು ಕತ್ತರಿಯಿಂದ ಸರಿಮಾಡಿ ಚೌಕಟ್ಟಿಗೆ ಸೇರಿಸಿದರು.

"ಮೂಗು ಸ್ವಲ್ಪ ನಮ್ಮ ಮನೆಯದ್ದು. ತೊಂದರೆ ಇಲ್ಲ. ಇವನಿಗೂ ಹೆದರಿಕೆ ಉಂಟು."

ಚಾರ್ಲ್ಸ್ ಪುಟಗಳನ್ನು ಎಣಿಸಿದ. ಎಲ್ಲ ಸರಿಯಿತ್ತು. ಚೀಲದಿಂದ ಕೊನೆಯ ಪುಸ್ತಕ ತೆಗೆದ. ನಾನು ಕೈಚಾಚುವ ಮೊದಲೇ ಅಜ್ಜಿ ಅದನ್ನು ತೆಗೆದುಕೊಂಡು, ಸಮುದ್ರದ ತಳದ ಆ ಕಣ್ಣನ್ನು ಬಹಳ ಹೊತ್ತು ದಿಟ್ಟಿಸಿದರು.

"ಪಾಪ," ಎಂದರು, "ಇದಕ್ಕೆ ನಿದ್ದೆ ಇಲ್ಲ. ಬಾ, ಎಂತ ಆಯ್ತು ಓದಿ ಹೇಳು."

ಮೇಜಿನ ಮೇಲಿದ್ದ ಕತ್ತರಿಯನ್ನು, ಅಜ್ಜಿಯ ಕೈಗೆ ಸಿಗದಂತೆ, ಕಿಸೆಗೆ ಹಾಕಿಕೊಂಡು ನಾನು ಅವರ ಪಕ್ಕದಲ್ಲಿ ಕುಳಿತೆ.